ನಳಿಗೆಗೆ ತಕ್ಕ ಮದ್ದು, ಮದ್ದಿಗೆ ತಕ್ಕ ಕಿಡಿ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಆಂಧ್ರದ ಗಡಿಗೆ ಹತ್ತಿರವಿರುವ ಹೋಬಳಿ ಕೇಂದ್ರ. ಜಯಮಂಗಲಿ ನದಿಯ ಆಸುಪಾಸಿನ ಈ ಸೀಮೆ ಬಂಡೆಗಲ್ಲಿನ ಬೆಟ್ಟಗಳಿಗೂ ಬೆಟ್ಟದ ಮೇಲಿನ ಕೋಟೆಗಳಿಗೂ ಹೆಸರಾದದ್ದು. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ - ಒಂದೊಂದು ಕೋಟೆಯೂ ಪಾಳೆಯಗಾರರ ಕಾಲದ ಕಥೆಗಳನ್ನು ಹೊತ್ತು ನಿಂತಿದೆ. ಕೋಟೆ ಹತ್ತುವ ಪ್ರವಾಸಿಗರ ಕಣ್ಣಿಗೆ ಬೀಳುವುದು ಕಲ್ಲಿನ ಗೋಡೆ, ಬಾಗಿಲು, ಕಣಜ ಮತ್ತು ದೊಣೆಗಳು. ಗೋಡೆಯ ತೆನೆಗಳಲ್ಲಿ ಕೊರೆದ ಸಣ್ಣ ಕಿಂಡಿಗಳನ್ನು ಗಮನಿಸುವವರು ಕಡಿಮೆ. ಅವು ಕೋವಿಯ ಕಿಂಡಿಗಳು. ಬಿಲ್ಲು ಬಾಣಗಳ ಕಾಲ ಮುಗಿದು ಮದ್ದು ಗುಂಡಿನ ಕಾಲ ಬಂದುದಕ್ಕೆ ಅವು ಸಾಕ್ಷಿ.

ಈ ಸೀಮೆ ಆ ಕಾಲದಲ್ಲಿ ಒಂದು ದಿನವೂ ನೆಮ್ಮದಿಯಾಗಿದ್ದಂತೆ ಕಾಣುವುದಿಲ್ಲ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಮಧುಗಿರಿಯನ್ನು ವಶಪಡಿಸಿಕೊಂಡಿತು. 1687ರಲ್ಲಿ ಮೊಗಲರು ಸಿರಾವನ್ನು ಸುಬೆಯ ರಾಜಧಾನಿ ಮಾಡಿಕೊಂಡರು. 1761ರ ಹೊತ್ತಿಗೆ ಸಿರಾ ಹೈದರಾಲಿಯ ಕೈಸೇರಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಮಧುಗಿರಿ ಬೆಟ್ಟದಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠ ಸೇನೆ ಕೋಟೆಯನ್ನು ಹಿಡಿದು ಆಕೆಯನ್ನು ಬಿಡಿಸಿತು. ಹೀಗೆ ಕೈಯಿಂದ ಕೈಗೆ ಹೋದ ಕೋಟೆಗಳ ಭವಿಷ್ಯವನ್ನು ನಿರ್ಧರಿಸಿದ ಸಂಗತಿಗಳಲ್ಲಿ ಒಂದನ್ನು ಇತಿಹಾಸದ ಪುಸ್ತಕಗಳು ಹೆಚ್ಚಾಗಿ ಹೇಳುವುದಿಲ್ಲ. ಅದು ಕೋಟೆಯ ಒಳಗಿದ್ದ ಮದ್ದಿನ ಗುಣ.

ಕೋವಿ ಎಂಬುದು ತಾನಾಗಿ ಒಂದು ಕಬ್ಬಿಣದ ಕೊಳವೆ ಅಷ್ಟೇ. ಅದನ್ನು ಆಯುಧ ಮಾಡುವುದು ಎರಡು ವಸ್ತುಗಳು. ಒಂದು, ಗುಂಡನ್ನು ತಳ್ಳುವ ಮದ್ದು. ಇನ್ನೊಂದು, ಆ ಮದ್ದಿಗೆ ಬೆಂಕಿ ಮುಟ್ಟಿಸುವ ಕಿಡಿ. ಮದ್ದು ಎಷ್ಟು ಬೇಗ ಉರಿಯಬೇಕು, ಕಿಡಿ ಎಷ್ಟು ಖಚಿತವಾಗಿ ತಲುಪಬೇಕು ಎಂಬ ಎರಡು ಪ್ರಶ್ನೆಗಳೇ ಕೋವಿಯ ಐನೂರು ವರ್ಷಗಳ ಚರಿತ್ರೆಯನ್ನು ನಡೆಸಿವೆ. ಪಾಳೆಯಗಾರನ ಬತ್ತಿಕೋವಿಗೂ ಇಂದಿನ ರಿವಾಲ್ವರಿಗೂ ಈ ಪ್ರಶ್ನೆಗಳು ಒಂದೇ.

ಒಂದೇ ಪದ, ಎರಡು ಅರ್ಥ

ಕನ್ನಡದಲ್ಲಿ ಮದ್ದು ಎಂದರೆ ಔಷಧಿ; ಮದ್ದು ಎಂದರೆ ಸಿಡಿಯುವ ಪುಡಿಯೂ ಹೌದು. ತೆಲುಗಿನ ಮಂದು, ತಮಿಳಿನ ಮರುಂದು, ಮಲಯಾಳದ ಮರುನ್ನು ಇವೆಲ್ಲಕ್ಕೂ ಇದೇ ಎರಡು ಅರ್ಥಗಳಿವೆ. ಸಿಡಿಮದ್ದನ್ನು ಮೊದಲು ಕಂಡುಹಿಡಿದ ಚೀನೀಯರು ಅದಕ್ಕೆ ಇಟ್ಟ ಹೆಸರಿನ ಅರ್ಥವೂ 'ಬೆಂಕಿಯ ಔಷಧಿ' ಎಂದೇ. ಔಷಧಿಯನ್ನು ಅರೆಯುವಂತೆ ಅರೆಯಬೇಕು, ಅಳತೆ ತಪ್ಪಬಾರದು, ತಪ್ಪಿದರೆ ಪ್ರಾಣಕ್ಕೆ ಅಪಾಯ - ಈ ಹೋಲಿಕೆ ಪದದಲ್ಲಿಯೇ ಅಡಗಿದೆ.

ಹಳೆಯ ಕರಿಮದ್ದು ಮೂರು ವಸ್ತುಗಳ ಮಿಶ್ರಣ: ಪೆಟ್ಲುಪ್ಪು, ಇದ್ದಿಲು, ಗಂಧಕ. ಇದ್ದಿಲು ಉರಿಯುವ ವಸ್ತು. ಪೆಟ್ಲುಪ್ಪು ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವ ವಸ್ತು. ಗಂಧಕ ಬೇಗ ಹೊತ್ತಿಕೊಳ್ಳಲು ನೆರವಾಗುವ ವಸ್ತು. ಗಾಳಿಯ ಹಂಗಿಲ್ಲದೆ ಮುಚ್ಚಿದ ಕೊಳವೆಯಲ್ಲಿಯೂ ಇದು ಉರಿಯುವುದು ಪೆಟ್ಲುಪ್ಪಿನಿಂದಾಗಿ. ಹೀಗಾಗಿ ಮೂರರಲ್ಲಿ ಅದಕ್ಕೇ ಹೆಚ್ಚಿನ ಬೆಲೆ.

ಪೆಟ್ಲುಪ್ಪಿಗೆ ಗಣಿ ತೋಡಬೇಕಾಗಿರಲಿಲ್ಲ. ದನದ ಕೊಟ್ಟಿಗೆ, ಹಾಳುಬಿದ್ದ ಮಣ್ಣಿನ ಗೋಡೆ, ಊರ ಹೊರಗಿನ ಹಳೆಯ ದಿಬ್ಬ ಇಂಥ ಕಡೆಗಳಲ್ಲಿ ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಹೊಪ್ಪಳೆ ಏಳುತ್ತದೆ. ಅದನ್ನು ಕೆರೆದು, ನೀರಿನಲ್ಲಿ ಬಸಿದು, ಕಾಯಿಸಿ, ಆರಿಸಿದರೆ ಹರಳುಗಟ್ಟುವುದೇ ಪೆಟ್ಲುಪ್ಪು. ದಕ್ಷಿಣ ಭಾರತದಲ್ಲಿ ಮಣ್ಣಿನಿಂದ ಉಪ್ಪನ್ನೂ ಪೆಟ್ಲುಪ್ಪನ್ನೂ ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ಕೋಟೆಯ ಸಿಡಿತದ ಮೂಲ ಹಳ್ಳಿಯ ಕೊಟ್ಟಿಗೆಯ ಮಣ್ಣಿನಲ್ಲಿತ್ತು ಎಂಬುದು ಗಮನಿಸಬೇಕಾದ ಮಾತು. ಆದರೆ ಸರಿಯಾಗಿ ಶೋಧಿಸದೆ ಅಡುಗೆ ಉಪ್ಪಿನ ಅಂಶ ಉಳಿದ ಪೆಟ್ಲುಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅಂಥ ಮದ್ದು ಮಳೆಗಾಲದಲ್ಲಿ ಕೈಕೊಡುತ್ತದೆ. ಉಪ್ಪಾರನ ಬಾಣಲೆಯ ಹದ ತಪ್ಪಿದರೆ ಕೋಟೆಯ ಮೇಲಿನ ಸೈನಿಕನ ಕೋವಿ ಹಾರದೆ ಉಳಿಯಬಹುದಿತ್ತು.

ಈ ಸೀಮೆಯಲ್ಲಿ ಕೋವಿಗೆ ಬೇಕಾದ ಕಬ್ಬಿಣವೂ ಇತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನರಾಯನದುರ್ಗದ ಕಡೆ ಮಳೆಗಾಲದ ಹಳ್ಳಗಳು ಬೆಟ್ಟದಿಂದ ಹೊತ್ತು ತರುವ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ.

ಕಾಳಿನ ಗಾತ್ರದ ಗುಟ್ಟು

ಮೂರು ವಸ್ತುಗಳನ್ನು ಬೆರೆಸಿದ ಮಾತ್ರಕ್ಕೆ ಒಳ್ಳೆಯ ಮದ್ದಾಗುವುದಿಲ್ಲ. ಅವು ಒಂದರೊಳಗೊಂದು ಕೂಡಿಕೊಳ್ಳುವಂತೆ ಗಂಟೆಗಟ್ಟಲೆ ಅರೆಯಬೇಕು. ಸಿರಾದಿಂದ ಹೆಚ್ಚು ದೂರವಿಲ್ಲದ ಚಿತ್ರದುರ್ಗದ ಕೋಟೆಯಲ್ಲಿ 'ಮದ್ದು ಬೀಸುವ ಕಲ್ಲು'ಗಳನ್ನು ಇಂದಿಗೂ ನೋಡಬಹುದು. ನೆಲದಿಂದ ತಗ್ಗಾದ ಕಲ್ಲುಕಟ್ಟಡದ ಹೊಂಡದಲ್ಲಿ ಆಳೆತ್ತರಕ್ಕೆ ಹತ್ತಿರದ ಬೀಸುಕಲ್ಲುಗಳನ್ನು ಕೂರಿಸಲಾಗಿದೆ. ಕೋಟೆಯ ಒಂದು ಮೂಲೆಯಲ್ಲಿ ಇಷ್ಟು ದೊಡ್ಡ ಏರ್ಪಾಡು ಬೇಕಾಗಿತ್ತು ಎಂಬುದೇ ಮದ್ದಿನ ಅಗತ್ಯ ಎಷ್ಟಿತ್ತೆಂದು ತಿಳಿಸುತ್ತದೆ.

ಹಿಟ್ಟಿನಂಥ ಮದ್ದು ಕೋವಿಗೆ ಅಷ್ಟು ಒಳ್ಳೆಯದಲ್ಲ. ನಳಿಗೆಯಲ್ಲಿ ಅದು ಗಟ್ಟಿಯಾಗಿ ಕೂತುಬಿಟ್ಟರೆ ಬೆಂಕಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಸಾಗಿಸುವಾಗ ಭಾರವಾದ ಅಂಶ ಕೆಳಗೂ ಹಗುರವಾದದ್ದು ಮೇಲೂ ಬೇರ್ಪಡುತ್ತದೆ. ಆದ್ದರಿಂದ ಮದ್ದನ್ನು ಒದ್ದೆ ಮಾಡಿ, ಒತ್ತಿ, ಒಣಗಿಸಿ, ಒಡೆದು ಕಾಳು ಮಾಡುವ ಪದ್ಧತಿ ಬೆಳೆಯಿತು. ಕಾಳುಗಳ ನಡುವಿನ ಸಂದಿನಲ್ಲಿ ಬೆಂಕಿ ಓಡಿ ಎಲ್ಲ ಕಾಳುಗಳೂ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಆ ಬಳಿಕ ವೇಗವನ್ನು ನಿರ್ಧರಿಸುವುದು ಕಾಳಿನ ಗಾತ್ರ. ದಪ್ಪ ಕಾಳು ನಿಧಾನವಾಗಿ, ಸಣ್ಣ ಕಾಳು ಬೇಗ ಉರಿಯುತ್ತದೆ. ಭಾರವಾದ ಗುಂಡನ್ನು ಉದ್ದ ನಳಿಗೆಯಲ್ಲಿ ತಳ್ಳಬೇಕಾದ ತೋಪಿಗೆ ದಪ್ಪ ಕಾಳು, ಕೈಕೋವಿಗೆ ಸಣ್ಣ ಕಾಳು ಎಂಬ ವಿಂಗಡಣೆ ಹೀಗೆ ಬಂತು. ಕೋವಿಯ ಕಾಳನ್ನು ತೋಪಿಗೆ ತುಂಬಿದರೆ ಗುಂಡು ಅಲುಗುವ ಮೊದಲೇ ಒತ್ತಡ ಏರಿ ತೋಪೇ ಸೀಳಬಹುದು. ಬಲವಾದ ಮದ್ದೇ ಒಳ್ಳೆಯ ಮದ್ದಲ್ಲ, ನಳಿಗೆಗೆ ತಕ್ಕ ಮದ್ದು ಒಳ್ಳೆಯದು ಎಂಬ ಪಾಠವನ್ನು ಗೋಲಂದಾಜರು ಕಲಿತದ್ದು ಹೀಗೆಯೇ.

ಮೈಸೂರಿನ ರಾಕೆಟ್ ಇದೇ ಪಾಠದ ಇನ್ನೊಂದು ಮುಖ. ಅಲ್ಲಿ ಮದ್ದು ಒಮ್ಮೆಗೇ ಉರಿದರೆ ಕೊಳವೆ ಸಿಡಿದುಹೋಗುತ್ತದೆ. ಅದಕ್ಕಾಗಿ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಬಿಗಿಯಾಗಿ ಜಡಿಯುತ್ತಿದ್ದರು. ಗಟ್ಟಿಯಾದ ಮದ್ದು ತೆರೆದ ಮೈಯಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ ಉರಿದು ರಾಕೆಟನ್ನು ಮುಂದಕ್ಕೆ ನೂಕುತ್ತದೆ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕದನದಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದು ಹೈದರ್ ಮತ್ತು ಟಿಪ್ಪುವಿಗೆ ಜಯ ಸಿಕ್ಕಿತು. ಅದಕ್ಕೆ ರಾಕೆಟ್ಟುಗಳೇ ಕಾರಣವೆಂಬ ಮಾತು ಪ್ರಸಿದ್ಧವಾಗಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಒಂದೇ ಬಗೆಯ ಮದ್ದು, ತುಂಬುವ ರೀತಿ ಬದಲಾದರೆ ಕೋವಿಯ ಹೊಡೆತವೂ ಆಗುತ್ತದೆ, ರಾಕೆಟ್ಟಿನ ಹಾರಾಟವೂ ಆಗುತ್ತದೆ.

ರಂಜಕ ಎಂಬ ಕಿಡಿ

ಇನ್ನು ಕಿಡಿಯ ವಿಷಯ. ಹಳೆಯ ಬತ್ತಿಕೋವಿಯ ಬುಡದಲ್ಲಿ ಒಂದು ಸಣ್ಣ ತೂತು ಇರುತ್ತಿತ್ತು. ಅದೇ ಕೋವಿಯ ಕಿವಿ. ಕಿವಿಯ ಹೊರಗೆ ಪುಟ್ಟ ಬಟ್ಟಲು. ಅದರಲ್ಲಿ ಚಿಟಿಕೆಯಷ್ಟು ನುಣುಪಾದ ಮದ್ದು. ಇದಕ್ಕೆ ರಂಜಕ ಎಂದು ಹೆಸರು. ಉರಿಯುವ ಬತ್ತಿ ರಂಜಕವನ್ನು ಮುಟ್ಟಿದರೆ ಅದು ಭಗ್ಗೆಂದು ಹೊತ್ತಿ, ಕಿವಿಯ ಮೂಲಕ ಬೆಂಕಿ ಒಳಗಿನ ಮದ್ದಿಗೆ ತಲುಪುತ್ತದೆ. ಹೀಗೆ ಪ್ರತಿ ಸೈನಿಕನೂ ಎರಡು ಬಗೆಯ ಮದ್ದನ್ನು ಇಟ್ಟುಕೊಳ್ಳಬೇಕಾಗಿತ್ತು: ತಳ್ಳಲು ಕಾಳುಮದ್ದು, ಹೊತ್ತಿಸಲು ನುಣ್ಣನೆಯ ರಂಜಕ. ರಂಜಕ ಉರಿದರೂ ಕಿವಿ ಕಟ್ಟಿಕೊಂಡಿದ್ದರೆ ಬಟ್ಟಲಿನಲ್ಲಿ ಬೆಳಕು ಮಾತ್ರ, ಗುಂಡು ಹಾರುವುದಿಲ್ಲ.

ಬತ್ತಿಕೋವಿಯ ದೊಡ್ಡ ಶತ್ರು ಮಳೆ. 1757ರ ಪ್ಲಾಸಿ ಕದನದ ನಡುವೆ ಮಳೆ ಸುರಿದಾಗ ಇಂಗ್ಲಿಷರು ತಮ್ಮ ಮದ್ದನ್ನು ಹೊದಿಕೆಯಿಂದ ಮುಚ್ಚಿಕೊಂಡರು. ನವಾಬನ ಕಡೆಯ ಮದ್ದು ನೆನೆಯಿತು. ಒಂದು ನಾಡಿನ ಹಣೆಬರಹ ಬದಲಾದುದಕ್ಕೆ ಪಿತೂರಿಯಷ್ಟೇ ಅಲ್ಲ, ನೆನೆದ ಮದ್ದೂ ಕಾರಣವಾಯಿತು. ಮುಂದೆ ಬಂದ ಚಕಮಕಿ ಕೋವಿಯಲ್ಲಿ ಬತ್ತಿಯ ಬದಲು ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹುಟ್ಟಿಸುತ್ತಿತ್ತು. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಮಾಡಿಸಿದ ಚಕಮಕಿ ಕೋವಿಗಳು ಹುಲಿಪಟ್ಟೆಯ ಅಲಂಕಾರದೊಂದಿಗೆ ಇಂದು ವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಬತ್ತಿಯ ತೊಡಕು ತಪ್ಪಿದರೂ ಬಟ್ಟಲಿನ ರಂಜಕ ಮಾತ್ರ ಹಾಗೆಯೇ ಉಳಿಯಿತು.

ಆದ್ದರಿಂದಲೇ ಕೋಟೆ ಕಟ್ಟುವವರು ಮದ್ದಿನ ಮನೆಗೆ ವಿಶೇಷ ಗಮನ ಕೊಡುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಇಟ್ಟಿಗೆ ಗಾರೆಯಿಂದ ಕಟ್ಟಿದ, ಭಾಗಶಃ ನೆಲದಲ್ಲಿ ಹುದುಗಿದ ಮದ್ದಿನ ಮನೆಗಳು ಇನ್ನೂ ಇವೆ. ಅವುಗಳಲ್ಲೊಂದು ಬೆಂಗಳೂರು-ಮೈಸೂರು ಜೋಡಿ ರೈಲುಮಾರ್ಗಕ್ಕೆ ಅಡ್ಡವಾದಾಗ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರಾರು ಅಡಿ ಆಚೆಗೆ ಸರಿಸಲಾಯಿತು. ಮದ್ದನ್ನು ತೇವದಿಂದ ಕಾಪಾಡಬೇಕು, ಬೆಂಕಿಯಿಂದಲೂ ಕಾಪಾಡಬೇಕು. 1799ರ ಮೇ 2ರಂದು ಬ್ರಿಟಿಷರ ಗುಂಡು ತಗಲಿ ಕೋಟೆಯೊಳಗಿನ ರಾಕೆಟ್ ಉಗ್ರಾಣ ಸಿಡಿಯಿತು. ಎರಡು ದಿನಗಳ ಬಳಿಕ ಕೋಟೆ ಬಿತ್ತು.

ಪಾದ್ರಿಯ ಬಾತುಕೋಳಿ ಬೇಟೆ

ರಂಜಕದ ಬಟ್ಟಲನ್ನು ಇಲ್ಲವಾಗಿಸಿದವನು ಸೇನಾಪತಿಯೂ ಅಲ್ಲ, ಕಮ್ಮಾರನೂ ಅಲ್ಲ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ನೀರುಹಕ್ಕಿಗಳನ್ನು ಬೇಟೆಯಾಡುತ್ತಿದ್ದ ಆತನಿಗೆ ಒಂದು ತೊಂದರೆ ಎದುರಾಯಿತು. ಬಟ್ಟಲಿನ ರಂಜಕ ಹೊತ್ತಿದ ಬೆಳಕು ಕಂಡ ಕೂಡಲೇ, ಗುಂಡು ಹೊರಡುವ ಮೊದಲೇ ಹಕ್ಕಿಗಳು ಮುಳುಗಿಬಿಡುತ್ತಿದ್ದವು. ಪೆಟ್ಟು ಬಿದ್ದರೆ ತಾನಾಗಿ ಸಿಡಿಯುವ ಫಲ್ಮಿನೇಟ್ ಎಂಬ ರಾಸಾಯನಿಕಗಳನ್ನು ಆತ ಕಿಡಿಯಾಗಿ ಬಳಸಿದ. 1807ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಮುಂದಿನ ಎರಡು ದಶಕಗಳಲ್ಲಿ ಈ ರಾಸಾಯನಿಕವನ್ನು ಚಿಕ್ಕ ತಾಮ್ರದ ಟೋಪಿಯೊಳಗೆ ಅಂಟಿಸುವ ವಿಧಾನ ಬಂತು. ಕೋವಿಯ ಕಿವಿಯ ಮೇಲೆ ಟೋಪಿ ತೊಡಿಸಿ ಕುದುರೆ ಬಿಟ್ಟರೆ ಸಾಕು. ಮಳೆಯಲ್ಲೂ ಕೋವಿ ಹಾರುತ್ತಿತ್ತು.

ಮಲೆನಾಡಿನ ಹಳಬರ ಬಾಯಲ್ಲಿ ಇದೇ 'ಕೇಪು'. ಕೇಪಿನ ಕೋವಿ ಎಂದರೆ ಬಾಯಿಯಿಂದ ಮದ್ದು, ಚರೆ ತುಂಬಿ ಕಿವಿಗೆ ಕೇಪು ತೊಡಿಸುವ ಕೋವಿ. ತೋಟೆಕೋವಿ ಎಂದರೆ ಸಿದ್ಧ ತೋಟೆಯನ್ನು ಹಿಂದಿನಿಂದ ಹಾಕುವ ಕೋವಿ. ಒಂದು ಶತಮಾನದ ತಂತ್ರಜ್ಞಾನದ ಬದಲಾವಣೆ ಈ ಎರಡು ಪದಗಳಲ್ಲಿ ಅಡಕವಾಗಿದೆ.

ರಿವಾಲ್ವರ್ ಹುಟ್ಟಲು ಕೇಪೇ ಕಾರಣ. ರಂಜಕದ ಬಟ್ಟಲಿನಲ್ಲಿ ಮದ್ದು ಸುರಿದುಕೊಂಡು ತಿರುಗುವ ಯಂತ್ರವನ್ನು ಮಾಡುವುದು ಬಹಳ ಕಷ್ಟ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದಲ್ಲಿ ಹಕ್ಕುಪತ್ರ ಪಡೆದ ರಿವಾಲ್ವರಿನಲ್ಲಿ ತಿರುಗುವ ಉರುಳೆಯ ಒಂದೊಂದು ಗೂಡಿಗೂ ಒಂದೊಂದು ಕೇಪು. ಬಳಸುವವನೇ ಪ್ರತಿ ಗೂಡಿಗೂ ಮದ್ದು ಅಳೆದು ಹಾಕಿ, ಸೀಸದ ಗುಂಡು ಒತ್ತಿ, ಕೇಪು ತೊಡಿಸಬೇಕು. ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೆ ಹಬ್ಬಿ ಹಲವು ಗುಂಡು ಒಟ್ಟಿಗೇ ಹಾರಿದರೆ ಕೈಗೇ ಕುತ್ತು. ಅದನ್ನು ತಡೆಯಲು ಗುಂಡಿನ ಮೇಲೆ ಕೊಬ್ಬು ಸವರುವುದೂ ಇತ್ತು. 1850ರ ದಶಕದ ಕೊನೆಯಿಂದ ಲೋಹದ ತೋಟೆ ಬಂತು. ಮದ್ದು, ಗುಂಡು, ಕಿಡಿ ಮೂರೂ ಒಂದೇ ಹಿತ್ತಾಳೆಯ ಡಬ್ಬಿಯಲ್ಲಿ ಸೇರಿದವು. 1866ರಲ್ಲಿ ಅಮೆರಿಕದ ಬರ್ಡನ್ ಮತ್ತು ಇಂಗ್ಲೆಂಡಿನ ಬಾಕ್ಸರ್ ಬೇರೆ ಬೇರೆಯಾಗಿ ತೋಟೆಯ ನಡುಬುಡದಲ್ಲಿ ಕೂರುವ ಕೇಪಿನ ಎರಡು ವಿಧಾನಗಳನ್ನು ರೂಪಿಸಿದರು. ವಿಚಿತ್ರವೆಂದರೆ ಇಂಗ್ಲಿಷನ ವಿಧಾನ ಅಮೆರಿಕದಲ್ಲಿ, ಅಮೆರಿಕನ್ನನ ವಿಧಾನ ಯೂರೋಪಿನಲ್ಲಿ ಹೆಚ್ಚು ಬಳಕೆಗೆ ಬಂತು. ಬಾಕ್ಸರನ ತೋಟೆಯ ಬುಡದಲ್ಲಿ ನಟ್ಟನಡುವೆ ಒಂದೇ ತೂತು. ಸುಟ್ಟ ಕೇಪನ್ನು ಕಡ್ಡಿಯಿಂದ ನೂಕಿ ತೆಗೆದು ಹೊಸದನ್ನು ಕೂರಿಸುವುದು ಸುಲಭ. ಅಮೆರಿಕದಲ್ಲಿ ಖಾಲಿ ತೋಟೆಯನ್ನು ಮನೆಯಲ್ಲಿಯೇ ಮತ್ತೆ ತುಂಬುವ ಹವ್ಯಾಸ ಹಬ್ಬಲು ಇದೂ ಒಂದು ಕಾರಣ.

ಮದ್ದು ಯಾರ ಕೈಯಲ್ಲಿ?

ಮದ್ದು ಮಾಡುವ ವಿದ್ಯೆ ಹಳ್ಳಿಯಿಂದ ದೂರವಾದದ್ದು ತಂತ್ರಜ್ಞಾನದಿಂದ ಮಾತ್ರವಲ್ಲ. 1857ರ ದಂಗೆಯ ಬಳಿಕ ಬ್ರಿಟಿಷ್ ಸರ್ಕಾರ ಜನರ ಬಳಿಯ ಆಯುಧಗಳನ್ನು ಕಸಿದುಕೊಳ್ಳುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೇನೆ ಊರಿನ ಮೇಲೆ ಬಿದ್ದು ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಹಲಗಲಿಯ ಬೇಡರ ಮೇಲಿನ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ಉಳಿದುಬಂದಿದೆ. ಕೊಡಗಿನಲ್ಲಿ ಮಾತ್ರ ಬೇರೆಯದೇ ನಡೆಯಿತು. 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ದೊರೆಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕಿಗೆ ಪೂಜೆ ಸಲ್ಲುವ ಆ ನಾಡಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ಉಳಿದ ಕನ್ನಡ ನಾಡಿನಲ್ಲಿ ಕೋವಿ, ಮದ್ದು ಎರಡೂ ಪರವಾನಗಿಯ ವಸ್ತುಗಳಾದವು.

ಇದೇ ಕಾಲದಲ್ಲಿ ಮದ್ದಿನ ಸ್ವರೂಪವೇ ಬದಲಾಯಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹತ್ತಿ ನಾರಿನಂಥ ವಸ್ತುವನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. 1889ರಲ್ಲಿ ಬ್ರಿಟನ್ನಿನ ಏಬೆಲ್ ಮತ್ತು ಡ್ಯೂವರ್ ದಾರದಂತೆ ಎಳೆಯಬಹುದಾದ ಕಾರ್ಡೈಟ್ ಮಾಡಿದರು. ಮೈಸೂರು ಸೀಮೆಯ ನೆರೆಯಲ್ಲಿಯೇ, ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಡೈಟ್ ಕಾರ್ಖಾನೆ ಆರಂಭವಾಯಿತು. ಹತ್ತಿರದ ಕಟೇರಿ ಜಲಪಾತದಿಂದ ಅದಕ್ಕೆ ವಿದ್ಯುತ್ತು ಒದಗಿಸಲಾಯಿತು. ಕೊಟ್ಟಿಗೆಯ ಮಣ್ಣಿನಿಂದ ಹೊರಟ ಮದ್ದು ಹೀಗೆ ರಸಾಯನಶಾಸ್ತ್ರದ ಕಾರ್ಖಾನೆ ಸೇರಿತು.

ರಿವಾಲ್ವರಿಗೆ ಎಂಥ ಮದ್ದು?

ಹೊಗೆಯಿಲ್ಲದ ಮದ್ದಿನ ವೇಗವನ್ನು ಬಿಲ್ಲೆ, ಕಾಳು, ಕೊಳವೆ ಮುಂತಾದ ಆಕಾರಗಳಿಂದಲೂ ಮೇಲಿನ ಲೇಪದಿಂದಲೂ ಬೇಕಾದಂತೆ ಹೊಂದಿಸಬಹುದು. ಹೀಗಾಗಿ ಇಂದು ಬೇಗ ಉರಿಯುವುದರಿಂದ ಬಹಳ ನಿಧಾನವಾಗಿ ಉರಿಯುವುದರವರೆಗೆ ಹಲವಾರು ಬಗೆಗಳಿವೆ. ಆಯ್ಕೆಯ ತತ್ತ್ವ ಮಾತ್ರ ಹಳೆಯ ಗೋಲಂದಾಜನದೇ.

ರೈಫಲ್ಲಿನ ನಳಿಗೆ ಎರಡು ಅಡಿಯಷ್ಟು ಉದ್ದ; ಗುಂಡು ಅದರಲ್ಲಿ ಸಾಗುವಷ್ಟು ಹೊತ್ತು ಹಿಂದಿನಿಂದ ಒತ್ತಡ ಬರುತ್ತಲೇ ಇರಬೇಕು. ಆದ್ದರಿಂದ ನಿಧಾನದ ಮದ್ದು. ರಿವಾಲ್ವರಿನ ನಳಿಗೆ ಕೆಲವೇ ಅಂಗುಲ. ಗುಂಡು ಹೊರಬೀಳುವುದರೊಳಗೆ ಮದ್ದು ತನ್ನ ಕೆಲಸ ಮುಗಿಸಬೇಕು. ನಿಧಾನದ ಮದ್ದು ಹಾಕಿದರೆ ಬಹುಪಾಲು ನಳಿಗೆಯ ಬಾಯಿಯಲ್ಲಿ ಬೆಂಕಿಯಾಗಿ ವ್ಯರ್ಥವಾಗುತ್ತದೆ. ಹೀಗಾಗಿ ಸಾಧಾರಣ ರಿವಾಲ್ವರಿನ ತೋಟೆಗೆ ಬೇಗ ಉರಿಯುವ ಮದ್ದು ಸ್ವಲ್ಪವೇ ಸಾಕು.

ಅಪಾಯವೂ ಇಲ್ಲಿಯೇ ಇದೆ. ರಿವಾಲ್ವರಿನ ತೋಟೆಗಳಲ್ಲಿ ಹಲವು ಕರಿಮದ್ದಿನ ಕಾಲದಲ್ಲಿ ರೂಪುಗೊಂಡವು. ಅವುಗಳ ಹೊಟ್ಟೆ ದೊಡ್ಡದು. ಇಂದಿನ ಮದ್ದು ಅದರ ಒಂದು ಮೂಲೆಯಷ್ಟು ಜಾಗ ಹಿಡಿಯುತ್ತದೆ. ಮನೆಯಲ್ಲಿ ತುಂಬುವವನು ಮರೆತು ಎರಡನೆಯ ಬಾರಿ ಹಾಕಿದರೂ ತೋಟೆ ತುಂಬಿ ಚೆಲ್ಲುವುದಿಲ್ಲ, ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡು ಪಾಲು ಮದ್ದು ರಿವಾಲ್ವರಿನ ಉರುಳೆಯನ್ನೇ ಸೀಳಬಲ್ಲದು. ಮದ್ದು ಹಾಕಲು ಮರೆತರೆ ಇನ್ನೊಂದು ಅಪಾಯ. ಕೇಪಿನ ಬಲವೊಂದೇ ಗುಂಡನ್ನು ನಳಿಗೆಯ ನಡುವಿನವರೆಗೆ ನೂಕಿ ಅಲ್ಲಿಯೇ ನಿಲ್ಲಿಸುತ್ತದೆ. ಸಪ್ಪಳ ಸಪ್ಪೆಯಾಗಿದ್ದುದನ್ನು ಗಮನಿಸದೆ ಮತ್ತೊಂದು ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಅನುಭವಿಗಳು ತೋಟೆಯನ್ನು ಸಾಕಷ್ಟು ತುಂಬುವ, ಎರಡು ಬಾರಿ ಹಾಕಿದರೆ ಹೊರಚೆಲ್ಲುವ ಮದ್ದನ್ನು ಇಷ್ಟಪಡುವುದು ಇದೇ ಕಾರಣಕ್ಕೆ.

ಕೇಪಿನ ಆಯ್ಕೆಯಲ್ಲಿಯೂ ಇಂಥದೇ ಸೂಕ್ಷ್ಮ ಇದೆ. ಕೈಬಂದೂಕಿನ ಕೇಪಿನ ಲೋಹ ತೆಳುವು, ರೈಫಲ್ಲಿನದು ದಪ್ಪ. ರೈಫಲ್ಲಿನ ಕೇಪನ್ನು ರಿವಾಲ್ವರಿನ ತೋಟೆಗೆ ಕೂರಿಸಿದರೆ ಕುದುರೆಯ ಪೆಟ್ಟು ಸಾಲದೆ ಅದು ಸಿಡಿಯದೆಯೇ ಹೋಗಬಹುದು. ಬೇಗ ಹೊತ್ತಿಕೊಳ್ಳದ ನಿಧಾನದ ಮದ್ದಿಗೆ ಹೆಚ್ಚು ಜ್ವಾಲೆಯ ಕೇಪು ಬೇಕು. ಬೇಗ ಉರಿಯುವ ಮದ್ದಿಗೆ ಅದನ್ನು ಹಾಕಿದರೆ ಒತ್ತಡ ಅಳತೆ ಮೀರುತ್ತದೆ. ಕೇಪು ಕೂಡುವ ಆಳವೂ ಮುಖ್ಯ. ಒಂದು ಕೂದಲೆಳೆಯಷ್ಟು ಹೊರಚಾಚಿದರೆ ರಿವಾಲ್ವರಿನ ಉರುಳೆ ತಿರುಗದೆ ಸಿಕ್ಕಿಕೊಳ್ಳುತ್ತದೆ. ಹಳೆಯ ಕೇಪುಗಳ ಮಸಿಯಲ್ಲಿ ಉಳಿಯುತ್ತಿದ್ದ ಲವಣ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸೀಸದ ಸ್ಟಿಫ್ನೇಟ್ ಬಳಸಿದ ಕೇಪುಗಳು ಬಂದ ಮೇಲೆ ಆ ಕಾಟ ತಪ್ಪಿತು; ಆದರೆ ಅದರ ಸೀಸದ ಹೊಗೆ ಗಾಳಿಯಾಡದ ಅಭ್ಯಾಸದ ಕೊಠಡಿಗಳಲ್ಲಿ ಆರೋಗ್ಯಕ್ಕೆ ಕೆಡುಕು.

ಭಾರತದಲ್ಲಿ ಈ ಆಯ್ಕೆಗಳು ಸಾಮಾನ್ಯನ ಕೈಯಲ್ಲಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕಾನ್ಪುರದಲ್ಲಿ ತಯಾರಾಗುವ ಪಾಯಿಂಟ್ 32 ರಿವಾಲ್ವರನ್ನು ಪರವಾನಗಿ ಪಡೆದು ಇಟ್ಟುಕೊಂಡವರು ಸಿದ್ಧ ತೋಟೆಗಳನ್ನೇ ಕೊಳ್ಳಬೇಕು. ಎಷ್ಟು ಕೊಂಡರೆಂಬುದಕ್ಕೆ ಲೆಕ್ಕ ಇಡಬೇಕು. ಮದ್ದು ಯಾವುದು, ಕೇಪು ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ಕಾರ್ಖಾನೆಯೇ ಕೊಟ್ಟಿರುತ್ತದೆ. ಒತ್ತಡವನ್ನು ಅಳೆಯುವ ಯಂತ್ರ ಅಲ್ಲಿದೆ; ಮನೆಯಲ್ಲಿ ಇಲ್ಲ.

ಉಳಿದ ಪಾಠ

ಹಾಗಾದರೆ ಈ ಹಳೆಯ ವಿದ್ಯೆ ಮುಗಿದ ಕಥೆಯೇ? ಹಾಗೆ ಹೇಳಲಾಗದು. ಮದ್ದನ್ನು ಬಾಯಿಯಿಂದ ತುಂಬುವ ಕೋವಿಗೆ 1959ರ ಕಾಯ್ದೆಯಲ್ಲಿ ಒಂದು ವಿಶೇಷ ಸ್ಥಾನ ಉಳಿದಿದೆ: ನಿಜವಾಗಿ ಬೆಳೆ ಕಾಯಲು ಬೇಕಾದ ರೈತನಿಗೆ ಅಂಥ ಕೋವಿಯ ಪರವಾನಗಿ ಕೊಡಲು ಅವಕಾಶವಿದೆ. ಕಾಡುಹಂದಿಯ ಕಾಟ ಅನುಭವಿಸಿದ ರೈತರಿಗೆ ಇದರ ಬೆಲೆ ಗೊತ್ತು. ಅಂಥ ಕೋವಿ ಹಿಡಿದವನು ಇಂದಿಗೂ ಮದ್ದನ್ನು ತಾನೇ ಅಳೆದು ಹಾಕಬೇಕು, ಕಿಡಿಯನ್ನು ತಾನೇ ಸಿದ್ಧಗೊಳಿಸಬೇಕು. ಪಾಳೆಯಗಾರನ ಸೈನಿಕ ನಿಂತಿದ್ದ ಜಾಗದಲ್ಲಿಯೇ ಅವನೂ ನಿಂತಿರುತ್ತಾನೆ.

ಕರಿಮದ್ದಿಗಾಗಿ ಮಾಡಿದ ನಳಿಗೆಗೆ ಪಟಾಕಿಯ ಪುಡಿಯನ್ನೋ ತೋಟೆ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನೋ ತುಂಬುವುದು ಅತ್ಯಂತ ಅಪಾಯಕಾರಿ. ನೋಡಲು ಎಲ್ಲವೂ ಪುಡಿಯೇ. ಅಳತೆಯ ಚಿಪ್ಪೂ ಒಂದೇ. ಆದರೆ ಉರಿಯುವ ವೇಗ ಮತ್ತು ಅಡಗಿರುವ ಶಕ್ತಿ ಬೇರೆ. ಹಳೆಯ ಕಬ್ಬಿಣ ಆ ಒತ್ತಡವನ್ನು ತಾಳದೆ ಬುಡದಲ್ಲಿ ಸಿಡಿಯುತ್ತದೆ. ಆಗ ಪೆಟ್ಟು ಬೀಳುವುದು ಹೊಡೆದವನ ಕಣ್ಣಿಗೆ ಮತ್ತು ಕೈಗೆ. ಕಳ್ಳಕೋವಿ ಇಟ್ಟುಕೊಂಡವನಿಗಂತೂ ಮದ್ದಿನ ಗುಣವನ್ನು ಕೇಳಿ ತಿಳಿಯುವ ದಾರಿಯೂ ಇಲ್ಲ, ಗಾಯವಾದರೆ ಆಸ್ಪತ್ರೆಯಲ್ಲಿ ನಿಜ ಹೇಳುವ ಧೈರ್ಯವೂ ಇರುವುದಿಲ್ಲ.

ಮಧುಗಿರಿ ತಾಲ್ಲೂಕಿನಲ್ಲಿ ಕೋವಿಯ ಇನ್ನೊಂದು ಪ್ರಶ್ನೆಯೂ ಇದೆ. ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಸುಮಾರು 800 ಎಕರೆಯ ಆ ಪ್ರದೇಶ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಮೀಸಲಿಗೆ ಬೇಲಿಯ ಗಡಿ ಇರಬಹುದು, ಜಿಂಕೆಗೆ ಇಲ್ಲ. ಕಾಳು ಕಟ್ಟುವ ಹೊಲಕ್ಕೆ ಅದು ಬರುತ್ತದೆ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ. ಬೆಳೆ ಕಾಯುವ ಕೋವಿಯ ಪರವಾನಗಿ ಅದರ ಮೇಲೆ ಗುಂಡು ಹಾರಿಸುವ ಪರವಾನಗಿಯಲ್ಲ. ಹಕ್ಕಿಯನ್ನೋ ಹಂದಿಯನ್ನೋ ಬೆದರಿಸಲು ಸಾಕಾಗುವ ಸದ್ದಿಗೂ ಪ್ರಾಣ ತೆಗೆಯುವ ಹೊಡೆತಕ್ಕೂ ಇರುವ ಅಂತರ ಮದ್ದಿನ ಮೇಲೆ ಗುಂಡು ಇದೆಯೇ ಇಲ್ಲವೇ ಎಂಬುದಷ್ಟೇ.

ಬೆಟ್ಟದ ಮೇಲಿನ ಕಿಂಡಿಗಳಲ್ಲಿ ಇಂದು ಗಾಳಿ ಮಾತ್ರ ಓಡಾಡುತ್ತದೆ. ಆದರೆ ಆ ಕಿಂಡಿಗಳ ಹಿಂದೆ ನಿಂತವರು ಪ್ರಾಣ ಒತ್ತೆಯಿಟ್ಟು ಕಲಿತ ಮೂರು ಮಾತುಗಳು ಮದ್ದು ಮುಟ್ಟುವ ಎಲ್ಲರಿಗೂ ಇಂದಿಗೂ ಅನ್ವಯಿಸುತ್ತವೆ: ಯಾವ ನಳಿಗೆಗೆ ಯಾವ ಮದ್ದೆಂದು ತಿಳಿಯದೆ ತುಂಬಬಾರದು, ಅಳತೆಯನ್ನು ಅಂದಾಜಿಗೆ ಬಿಡಬಾರದು, ಕಿಡಿ ಹಾರದಿದ್ದರೆ ಕೋವಿ ಖಾಲಿಯೆಂದು ನಂಬಬಾರದು.